ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣ: ಸ್ಮಾರ್ಟ್ ಬೋರ್ಡಿಗೋ, ಓದು ಕಲಿಸುವವರಿಗೋ?

ಜಗಳೂರು ಸೀಮೆಯವನು

ಎಲ್ಲರಿಗೂ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಒಂದರಿಂದ ಐದನೇ ತರಗತಿಯವರೆಗೆ 64 ಮಕ್ಕಳಿದ್ದಾರೆ. ಬೆಂಗಳೂರಿಗೆ ಹೋದವರು, ದಾವಣಗೆರೆಯಲ್ಲಿ ಅಂಗಡಿ ಇಟ್ಟವರು, ಊರಲ್ಲೇ ಮೆಕ್ಕೆಜೋಳ ಬೆಳೆಯುತ್ತಿರುವವರು, ಹೀಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಗೆಂದು 2,40,000 ರೂಪಾಯಿ ಕೂಡಿಸಿದ್ದೇವೆ. ಹಣ ಕೂಡುವವರೆಗೆ ಒಂದೇ ಮನಸ್ಸಿನಲ್ಲಿದ್ದ ನಾವು, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬಲ್ಲಿಗೆ ಬಂದ ಕೂಡಲೇ ಎರಡು ಗುಂಪಾಗಿದ್ದೇವೆ. ಒಂದು ಗುಂಪಿಗೆ ಒಂದು ಲಕ್ಷ ಅರವತ್ತು ಸಾವಿರದ ಸ್ಮಾರ್ಟ್ ಬೋರ್ಡ್ ಬೇಕು, ಉಳಿದ ಹಣದಲ್ಲಿ ದಾನಿಗಳ ಹೆಸರು ಕೆತ್ತಿಸಿದ ಸ್ವಾಗತ ಕಮಾನು ಬೇಕು. ನನ್ನದು ಮತ್ತು ಇನ್ನಿಬ್ಬರದು ಬೇರೆ ಮಾತು.

ಅದಕ್ಕೆ ಕಾರಣ ನನ್ನ ತಮ್ಮನ ಮಗ. ಮೂರನೇ ತರಗತಿಯಲ್ಲಿದ್ದಾನೆ. ಮೊನ್ನೆ ಪಡಸಾಲೆಯಲ್ಲಿ ಕೂತು, ಸಾಲಿನ ಮೇಲೆ ಬೆರಳಿಟ್ಟು, ಪಾಠದ ಒಂದು ಪುಟವನ್ನು ಎಲ್ಲೂ ತಡವರಿಸದೆ ಓದಿದ. ನನಗೆ ಖುಷಿಯಾಯಿತು. ಆಮೇಲೆ ಏನೋ ತೋಚಿ, ಮೂರನೇ ಸಾಲಿನಲ್ಲಿದ್ದ ‘ಹೊಲಕ್ಕೆ’ ಎಂಬ ಪದದ ಮೇಲೆ ನನ್ನ ಬೆರಳಿಟ್ಟು, ಇದೊಂದನ್ನೇ ಓದು ಎಂದೆ. ಹುಡುಗ ನನ್ನ ಮುಖ ನೋಡಿದ. ಪುಟದ ಮೊದಲ ಸಾಲಿಗೆ ಹಿಂದಿರುಗಿ, ಬಾಯಿಪಾಠದಂತೆ ಹೇಳಿಕೊಂಡು ಬಂದ. ಬಾಯಿ ‘ಹೊಲಕ್ಕೆ’ಗೆ ಬಂದಾಗ ಅವನ ಬೆರಳು ‘ಎತ್ತು’ ಎಂಬ ಪದದ ಮೇಲಿತ್ತು. ಅವನು ಓದುತ್ತಿರಲಿಲ್ಲ, ಒಪ್ಪಿಸುತ್ತಿದ್ದ.

ಶಾಲೆಯಲ್ಲಿ ವಿಚಾರಿಸಿದೆ. ಎರಡು ಮತ್ತು ಮೂರನೇ ತರಗತಿಯ 26 ಮಕ್ಕಳಲ್ಲಿ 17 ಮಕ್ಕಳಿಗೆ ಹೊಸದೊಂದು ಸರಳ ವಾಕ್ಯವನ್ನು ತಾವಾಗಿ ಓದಲು ಬರುವುದಿಲ್ಲ ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ಊರಿನಲ್ಲಿ ಡಿ.ಇಡಿ (ಶಿಕ್ಷಕ ತರಬೇತಿ) ಮುಗಿಸಿ ಮನೆಯಲ್ಲಿರುವ ಒಬ್ಬ ಹುಡುಗಿ ಇದ್ದಾಳೆ. ದಿನಕ್ಕೆ ಎರಡು ಗಂಟೆ, ಐದಾರು ಮಕ್ಕಳ ಮೂರು ಗುಂಪು, ತಿಂಗಳಿಗೆ 6,000 ರೂಪಾಯಿ ಗೌರವಧನ. ಹತ್ತು ತಿಂಗಳಿಗೆ 60,000, ಪುಸ್ತಕ ಮತ್ತು ಕಾಗದಕ್ಕೆ 10,000. ಹೀಗೆ ಮಾಡಿದರೆ ಇದೇ ಹಣ ಮೂರು ವರ್ಷ ಬರುತ್ತದೆ ಎಂಬುದು ನಮ್ಮ ಲೆಕ್ಕ. ಇದಕ್ಕೆ ಅವಕಾಶವಿದೆಯೇ, ಇದು ಬುದ್ಧಿವಂತಿಕೆಯ ಕೆಲಸವೇ ಎಂಬುದನ್ನು ತಿಳಿದವರು ಹೇಳಬೇಕು.

ಮಂಡಕ್ಕಿ ಮೆಣಸಿನಕಾಯಿ

ಕಮಾನು ಕಟ್ಟಿಸಿದರೆ ಅದರ ಮೇಲಿನ ಹೆಸರುಗಳನ್ನು ಓದುವವರು ಯಾರು, ಅದನ್ನಾದರೂ ಆ ಗುಂಪಿನವರನ್ನು ಕೇಳಿ.

ಕೋಟೆ ಬಾಗಿಲು

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಿಮ್ಮ ಕಾಳಜಿಯನ್ನು ಗೌರವಿಸುತ್ತಲೇ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕಾಗಿದೆ. ಓದು ಕಲಿಸುವುದು ಸಂಬಳ ಪಡೆಯುವ ಶಿಕ್ಷಕರ ಕೆಲಸ, ಆ ಸಂಬಳ ಕೊಡುವುದು ಸರ್ಕಾರದ ಕೆಲಸ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಅದರ ಪ್ರಕಾರ 61ರಿಂದ 90 ಮಕ್ಕಳಿರುವ ಪ್ರಾಥಮಿಕ ಶಾಲೆಗೆ ಮೂವರು ಶಿಕ್ಷಕರಿರಬೇಕು. ನಿಮ್ಮಲ್ಲಿ ಮೂವರಿದ್ದಾರೆಯೇ? ಇಲ್ಲದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮುಂದೆ ಕೂರಬೇಕೇ ಹೊರತು ಊರವರ ಜೇಬಿಗೆ ಕೈ ಹಾಕಬಾರದು. 2022ರ ಅಕ್ಟೋಬರಿನಲ್ಲಿ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಇಲಾಖೆ ಸುತ್ತೋಲೆ ಹೊರಡಿಸಿ, ಜನ ಸಿಟ್ಟಾದ ಮೇಲೆ ಕೆಲವೇ ದಿನಗಳಲ್ಲಿ ಹಿಂಪಡೆದಿದ್ದನ್ನು ನೆನಪಿಸಿಕೊಳ್ಳಿ. ಜನ ಅಂದು ಬಾಗಿಲಿನಿಂದ ಹೊರಗೆ ಹಾಕಿದ್ದನ್ನು ನೀವು ಕಿಟಕಿಯಿಂದ ಒಳಗೆ ಕರೆಯುತ್ತಿದ್ದೀರಿ.

ಜಗಳೂರು ಸೀಮೆಯವನು

ಅಣ್ಣಾವ್ರೇ, ಕಾಯಂ ಇಬ್ಬರು, ಅತಿಥಿ ಶಿಕ್ಷಕರು ಒಬ್ಬರು. ಕಾಗದದಲ್ಲಿ ಮೂವರು ಆದರು. ಅತಿಥಿ ಶಿಕ್ಷಕರ ನೇಮಕ ಜೂನ್ ಕಳೆದ ಮೇಲೆ ಆಗುತ್ತದೆ, ಬೇಸಿಗೆ ರಜೆಗೆ ಮುಗಿಯುತ್ತದೆ. ಒಂದರಿಂದ ಮೂರರವರೆಗಿನ 38 ಮಕ್ಕಳು ಒಂದೇ ನಲಿ-ಕಲಿ ಕೋಣೆಯಲ್ಲಿ, ಒಬ್ಬರೇ ಮೇಡಂ ಕೈಯಲ್ಲಿದ್ದಾರೆ. ಬಿಇಒ ಕಚೇರಿಗೆ ಮೂರು ಸಲ ಹೋಗಿ ಅರ್ಜಿ ಕೊಟ್ಟು ಬಂದಿದ್ದೇನೆ. ನಾಲ್ಕನೆಯ ಸಲ ಹೋಗುವಷ್ಟರಲ್ಲಿ ನನ್ನ ತಮ್ಮನ ಮಗ ನಾಲ್ಕನೇ ತರಗತಿಗೆ ಹೋಗಿರುತ್ತಾನೆ.

ನಲಿ-ಕಲಿ ಮೇಡಂ

ನಾನು ಹದಿನಾಲ್ಕು ವರ್ಷಗಳಿಂದ ಇದೇ ಬಗೆಯ ಕೋಣೆಯಲ್ಲಿ ಕೆಲಸ ಮಾಡುತ್ತಿರುವ ಶಿಕ್ಷಕಿ, ತಾಲ್ಲೂಕಿನ ಹೆಸರು ಬೇಡ. ‘ಸಂಬಳ ಪಡೆಯುವವರ ಕೆಲಸ’ ಎಂಬ ಮಾತು ನನಗೂ ತಾಗುವುದರಿಂದ ಉತ್ತರಿಸುತ್ತಿದ್ದೇನೆ.

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ, 2009-10ರಿಂದ ರಾಜ್ಯಕ್ಕೆಲ್ಲ ಹರಡಿತು. ಕಲಿಕೆಯ ಏಣಿ, ಮೈಲಿಗಲ್ಲು, ಕಾರ್ಡು, ಗುಂಪಿನ ತಟ್ಟೆಗಳು, ಮಕ್ಕಳ ಕೆಲಸ ತೂಗುಹಾಕುವ ಚಪ್ಪರ, ಎಲ್ಲವೂ ಚೆನ್ನಾಗಿಯೇ ಇವೆ. ಅದರಲ್ಲಿ ಒಂದು ಗುಂಪು ಶಿಕ್ಷಕರ ಪೂರ್ಣ ಬೆಂಬಲದ್ದು, ಇನ್ನೊಂದು ಭಾಗಶಃ ಬೆಂಬಲದ್ದು, ಮಿಕ್ಕವು ಗೆಳೆಯರ ನೆರವಿನಿಂದ ಇಲ್ಲವೇ ತಾವಾಗಿ ಕಲಿಯುವಂಥವು. ಸರಿಯಾಗಿ ನಡೆಯುವಾಗ ಇದು ನೋಡಲು ಬಹಳ ಚೆಂದ. ಆದರೆ ಅಕ್ಷರ ಹಿಡಿಯದ ಮಗು ಸ್ವಕಲಿಕೆಯ ತಟ್ಟೆಗೆ ಬಂದು ಕೂತಾಗ ಏನು ಮಾಡುತ್ತದೆ ಗೊತ್ತೇ? ಪಕ್ಕದ ಮಗುವಿನ ಸ್ಲೇಟು ನೋಡಿ ಬರೆಯುತ್ತದೆ, ನನಗೆ ತೋರಿಸುತ್ತದೆ, ನಾನು ಸರಿ ಹಾಕುತ್ತೇನೆ, ಏಣಿಯಲ್ಲಿ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಆ ಮಗುವಿನ ಪಕ್ಕ ಹತ್ತು ನಿಮಿಷ ಕೂತರೆ ಅದರ ಕಷ್ಟ ತಿಳಿಯುತ್ತದೆ. ಆ ಹತ್ತು ನಿಮಿಷವೇ ನನ್ನಲ್ಲಿಲ್ಲ. ಹಾಲು, ಮೊಟ್ಟೆಯ ಲೆಕ್ಕ, ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಮಕ್ಕಳ ದಾಖಲೆ, ತರಬೇತಿ, ಅದರ ಮೇಲೆ ಸಮೀಕ್ಷೆ. 2025ರ ದಸರಾ ರಜೆಯನ್ನು ಸಮೀಕ್ಷೆಗಾಗಿಯೇ ಅಕ್ಟೋಬರ್ 18ರವರೆಗೆ ಎಳೆದಿದ್ದು ನಿಮಗೆಲ್ಲ ಗೊತ್ತಿದೆ. ರಜೆ ಮುಗಿಸಿ ಬಂದ ಎರಡನೇ ತರಗತಿಯ ಮಕ್ಕಳಲ್ಲಿ ನಾಲ್ವರು ‘ಮ’ ಮತ್ತು ‘ವ’ ಯಾವುದೆಂದು ಮರೆತಿದ್ದರು.

ಆದ್ದರಿಂದ ಇನ್ನೊಂದು ಕೈ ಬಂದರೆ ನನಗೆ ಅವಮಾನವೆನಿಸುವುದಿಲ್ಲ. ಆದರೆ ಆ ಹುಡುಗಿ ನನ್ನ ಪರ್ಯಾಯವಾಗಿ ಬರಬಾರದು, ನನ್ನ ಜೊತೆಗೆ ಬರಬೇಕು.

ದುರ್ಗದ ಅಜ್ಜ

ನಮ್ಮ ಕಾಲದಲ್ಲಿ ‘ಅ ಆ ಇ ಈ’ ಎಂದು ಶುರುಮಾಡಿ, ಮರಳಿನ ಮೇಲೆ ತಿದ್ದಿಸಿ, ಕಾಗುಣಿತ ಬಾಯಿಪಾಠ ಮಾಡಿಸುತ್ತಿದ್ದರು. ಈಗ ‘ರ ಗ ಸ ದ ಅ’ ಎಂದು ತಲೆಕೆಳಗಾಗಿ ಕಲಿಸುತ್ತಾರೆ. ಓದು ಬಾರದಿರುವುದಕ್ಕೆ ಅದೇ ಕಾರಣ. ಹಣ ಖರ್ಚು ಮಾಡುವ ಮೊದಲು ಪದ್ಧತಿಯನ್ನು ಸರಿಮಾಡಿ.

ನಲಿ-ಕಲಿ ಮೇಡಂ

ಅಜ್ಜಾರೇ, ‘ರ ಗ ಸ ದ ಅ’ ತಲೆಕೆಳಗಲ್ಲ. ಬರೆಯಲು ಸುಲಭವಾದ, ರೂಪದಲ್ಲಿ ಹತ್ತಿರವಿರುವ, ಕೂಡಿಸಿದರೆ ಕೂಡಲೇ ‘ಅರಸ’, ‘ಸರ’, ‘ಅಗಸ’ ಎಂಬ ಪದಗಳಾಗುವ ಅಕ್ಷರಗಳನ್ನು ಮೊದಲು ತಂದಿದ್ದಾರೆ. ಮೊದಲ ವಾರದಲ್ಲೇ ಮಗು ಒಂದು ಪದ ಓದಿತೆಂದರೆ ಅದರ ಮುಖ ನೋಡಬೇಕು ನೀವು. ಕಾಗುಣಿತವನ್ನು ರಾಗವಾಗಿ ಹಾಡುವ ಮಕ್ಕಳು ಇಂದಿಗೂ ಇದ್ದಾರೆ. ‘ಕ ಕಾ ಕಿ ಕೀ’ ಎಂದು ನಿಲ್ಲದೆ ಹೇಳುವ ಮಗುವಿಗೆ ‘ಕೀ’ಯನ್ನು ಮಾತ್ರ ತೋರಿಸಿದರೆ ಮತ್ತೆ ‘ಕ’ದಿಂದ ಶುರುಮಾಡುತ್ತದೆ. ಜಗಳೂರಿನವರ ಹುಡುಗ ಮಾಡಿದ್ದೂ ಅದನ್ನೇ ಅಲ್ಲವೇ?

ದುರ್ಗದ ಅಜ್ಜ

ಸರಿ ತಾಯಿ, ಆ ಮಾತು ಒಪ್ಪಿದೆ. ನಾನೂ ಹಾಗೆಯೇ ‘ಕ’ದಿಂದ ಎಣಿಸಿಕೊಂಡು ಬರುತ್ತಿದ್ದೆ ಎಂಬುದು ಈಗ ನೆನಪಾಯಿತು. ಮರಳಿನ ಮೇಲೆ ತಿದ್ದಿಸುವುದನ್ನು ಮಾತ್ರ ಬಿಡಬೇಡಿ.

ಪುಸ್ತಕದ ಹುಳು

ಚರ್ಚೆಯಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ಇಂಗ್ಲಿಷಿನ ಮಗು 26 ಅಕ್ಷರ ಗುರುತಿಸಿದರೆ ಗುರುತಿಸುವ ಕೆಲಸ ಮುಗಿಯಿತು (ಉಚ್ಚಾರಣೆಯ ಗೋಳು ಬೇರೆ). ಕನ್ನಡದ ಮಗು ಮೂವತ್ತಕ್ಕೂ ಹೆಚ್ಚು ವ್ಯಂಜನಗಳ ಒಂದೊಂದು ಕಾಗುಣಿತ ರೂಪವನ್ನೂ ಕಣ್ಣಿನಲ್ಲಿ ಹಿಡಿಯಬೇಕು. ಅಲ್ಲಿಗೇ ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ಕನ್ನಡ ಓದುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ: ಅಕ್ಷರ ಕಲಿಯುವುದು ಒಂದನೇ ತರಗತಿಯಲ್ಲಿ ಮುಗಿಯುವ ಕೆಲಸವಲ್ಲ, ನಾಲ್ಕನೇ ತರಗತಿಯವರೆಗೂ ಅದು ನಡೆದೇ ಇರುತ್ತದೆ. ಎರಡನೇ ತರಗತಿಯಲ್ಲಿ ‘ಅಜ್ಜ’ವನ್ನು ‘ಅಜ’ ಎಂದು ಓದುವ ಮಗುವನ್ನು ದಡ್ಡ ಎನ್ನಬೇಡಿ, ಅದು ದಾರಿಯಲ್ಲಿದೆ. ಮೂರನೇ ತರಗತಿಯ ಕೊನೆಯಲ್ಲೂ ‘ರ’ ಮತ್ತು ‘ಗ’ ಬೆರೆಸುವ ಮಗುವಿಗೆ ಮಾತ್ರ ಬೇರೆ ನೆರವು ಬೇಕು. ಹಣ ಹಾಕುವವರು ಈ ಇಬ್ಬರನ್ನು ಬೇರ್ಪಡಿಸಿ ನೋಡಬೇಕು, ಇಲ್ಲದಿದ್ದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿ ಯಾರಿಗೂ ಸಾಲದಂತಾಗುತ್ತದೆ.

ಲೆಕ್ಕದ ಮನುಷ್ಯ, ದಾವಣಗೆರೆ

ನಾನು ಲೆಕ್ಕಪತ್ರದವನು, ಭಾವನೆಯ ಮಾತು ಉಳಿದವರು ಆಡಲಿ. ನಿಮ್ಮ ಶಾಲೆಗೆ ಈಗಾಗಲೇ ಬರಬೇಕಾದ ಹಣ ಯಾವುದು, ಅದರಲ್ಲಿ ಈ ಕೆಲಸಕ್ಕೆ ಎಷ್ಟು ಸಿಗುತ್ತದೆ ಎಂಬುದನ್ನು ನೋಡೋಣ.

ಸಮಗ್ರ ಶಿಕ್ಷಣ ಅಭಿಯಾನದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಅದರ ಸಂಯುಕ್ತ ಶಾಲಾ ಅನುದಾನ ದಾಖಲಾತಿಯ ಮೇಲೆ ನಿಂತಿದೆ: 30 ಮಕ್ಕಳವರೆಗೆ 10,000, 31ರಿಂದ 100ರವರೆಗೆ 25,000, 250ರವರೆಗೆ 50,000. ನಿಮ್ಮದು 64 ಮಕ್ಕಳ ಶಾಲೆಯಾದ್ದರಿಂದ 25,000. ಅದರಲ್ಲಿ ಶೇಕಡ 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು, ಉಳಿದದ್ದು ಸೀಮೆಸುಣ್ಣ, ವಿದ್ಯುತ್ ಬಿಲ್ಲು, ಸಣ್ಣಪುಟ್ಟ ದುರಸ್ತಿ ಎನ್ನುವಷ್ಟರಲ್ಲಿ ಕರಗುತ್ತದೆ. ಗ್ರಂಥಾಲಯಕ್ಕೆಂದು ಕಿರಿಯ ಪ್ರಾಥಮಿಕ ಶಾಲೆಗೆ 5,000ದವರೆಗೆ ಬರುತ್ತದೆ. 2021ರ ಜುಲೈ 5ರಂದು ಆರಂಭವಾದ, ಸಣ್ಣ ತರಗತಿಗಳಲ್ಲೇ ಓದು ಮತ್ತು ಲೆಕ್ಕ ಕಲಿಸುವ ನಿಪುಣ್ ಭಾರತ್ ಯೋಜನೆಯಲ್ಲಿ ಕಲಿಕಾ ಸಾಮಗ್ರಿಗೆ ಮಗುವೊಂದಕ್ಕೆ ವರ್ಷಕ್ಕೆ 500 ರೂಪಾಯಿವರೆಗೆ ಅವಕಾಶವಿದೆ. ಅದು ಶಾಲೆಯ ಖಾತೆಗೆ ನಗದಾಗಿ ಬರುವುದಿಲ್ಲ, ಬಹುಮಟ್ಟಿಗೆ ಮುದ್ರಿತ ಪುಸ್ತಕ, ಕಿಟ್ಟುಗಳ ರೂಪದಲ್ಲಿ ಬರುತ್ತದೆ. ಗ್ರಾಮ ಪಂಚಾಯಿತಿಗೆ 2025-26ರವರೆಗೆ ಇದ್ದ ಹದಿನೈದನೇ ಹಣಕಾಸು ಆಯೋಗದ ಅನುದಾನ ನೋಡಿದರೆ, ಅದರಲ್ಲಿ ಶೇಕಡ 60 ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಹಾಕಿದ್ದಾಗಿತ್ತು. ಮಿಕ್ಕ 40ರಲ್ಲಿ ಊರಿಗೆ ಬೇಕಾದ ಕೆಲಸ ಮಾಡಬಹುದಿತ್ತು, ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಮಾತ್ರ ಕೊಡುವಂತಿರಲಿಲ್ಲ.

ಗಮನಿಸಿದಿರಾ? ಬಣ್ಣ ಹೊಡೆಸಲು, ಕಪಾಟು ಕೊಳ್ಳಲು, ಕಿಟ್ಟು ಹಂಚಲು ದಾರಿ ಇದೆ. ಮಗುವಿನ ಪಕ್ಕ ಕೂರುವ ಮನುಷ್ಯರಿಗೆ ಕೊಡಲು ಒಂದು ಶೀರ್ಷಿಕೆಯೂ ಇಲ್ಲ. ನಿಮ್ಮ ಕೈಯಲ್ಲಿರುವುದು ಯಾವ ಕಟ್ಟುಪಾಡೂ ಇಲ್ಲದ ಹಣ, ಸರ್ಕಾರದ ಹಣ ಹೋಗಲಾರದ ಕಡೆಗೆ ಹೋಗಬಲ್ಲದ್ದು. ಅದನ್ನು ಸರ್ಕಾರವೇ ಇಂದಲ್ಲ ನಾಳೆ ಕೊಡಬಹುದಾದ ಬೋರ್ಡಿಗೆ ಹಾಕುವುದು ಲೆಕ್ಕಕ್ಕೆ ಒಪ್ಪುವುದಿಲ್ಲ. 17 ಮಕ್ಕಳಿಗೆ ವರ್ಷಕ್ಕೆ 70,000 ಎಂದರೆ ತಲಾ ಸುಮಾರು 4,100 ರೂಪಾಯಿ. ದಾವಣಗೆರೆಯಲ್ಲಿ ಒಂದು ಮಗುವಿನ ಖಾಸಗಿ ಶಾಲೆಯ ಬಸ್ಸಿಗೇ ಅದಕ್ಕಿಂತ ಹೆಚ್ಚು ಕಟ್ಟುತ್ತೇವೆ.

ಹರಪನಹಳ್ಳಿ ಗಡಿ

ಇಲ್ಲಿ ಒಂದು ಹಳೆಯ ಹೊಟ್ಟೆಯುರಿಯನ್ನೂ ದಾಖಲಿಸುತ್ತೇನೆ. ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಬಳ್ಳಾರಿಗೆ ಮರಳಿ ಸೇರಿ, ಈಗ ವಿಜಯನಗರ ಜಿಲ್ಲೆಯಲ್ಲಿರುವ ನಮಗೆ ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ಕೊಟ್ಟ ವಿಶೇಷ ಸೌಲಭ್ಯವಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ‘ಅಕ್ಷರ ಆವಿಷ್ಕಾರ’ ಎಂಬ ಶಿಕ್ಷಣ ಯೋಜನೆಯ ಹಣವೂ ಇದೆ. ಗಡಿಯ ಆಚೆ ನಾಲ್ಕು ಹೆಜ್ಜೆ ಇಟ್ಟರೆ ಜಗಳೂರು, ಅಲ್ಲಿಗೆ ಅದಾವುದೂ ಇಲ್ಲ. ಅದೇ ಬರ, ಅದೇ ಜಾಲಿ ಗಿಡ, ಅದೇ ತಾಂಡಾ.

ಕೋಟೆ ಬಾಗಿಲು

ಆ ಹಣವೂ ಹೆಚ್ಚಾಗಿ ಕೊಠಡಿ ಕಟ್ಟಲು ಹೋಗುತ್ತದೆ ಸ್ವಾಮಿ, ಹೊಟ್ಟೆಯುರಿ ಬೇಡ.

ಗಣಿಧೂಳು

ನಾನು ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದ ಕಡೆಯವನು. ನಮ್ಮ ರಸ್ತೆಗಳಲ್ಲಿ ಅದಿರು ಲಾರಿಗಳು ಓಡಾಡಿದ ಕಾರಣಕ್ಕೆ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಹಣ ಸೇರುತ್ತದೆ. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಅದು, ಶಿಕ್ಷಣವು ಅದರ ಆದ್ಯತೆಯ ಪಟ್ಟಿಯಲ್ಲೇ ಇದೆ. ಜಗಳೂರಿನವರು ಅಲ್ಲಿ ಯಾಕೆ ಕೇಳಬಾರದು?

ಲೆಕ್ಕದ ಮನುಷ್ಯ, ದಾವಣಗೆರೆ

ತಿದ್ದುಪಡಿ: ಆ ಹಣ ಗಣಿಗಾರಿಕೆಯಿಂದ ತೊಂದರೆಗೊಳಗಾದ ಪ್ರದೇಶಕ್ಕೆ ಮೀಸಲು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಗಣಿಬಾಧಿತ ಹಳ್ಳಿಯವರು ಖಂಡಿತ ಕೇಳಬಹುದು, ಕೇಳಲೂ ಬೇಕು. ಜಗಳೂರಿನ ಈ ಶಾಲೆಗೆ ಅದು ದಕ್ಕುವುದಿಲ್ಲ. ಇನ್ನು ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ. ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಇರುವ ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದ ಶೇಕಡ 2ನ್ನು ಇಂಥ ಕೆಲಸಕ್ಕೆ ಕೊಡಬೇಕು. ಕೇಳಿ ನೋಡಬಹುದು.

ಗಣಿಧೂಳು

ಕೇಳಿ ನೋಡಿದ ಅನುಭವ ನನಗಿದೆ. ಒಂದು ಗಾಳಿ ವಿದ್ಯುತ್ ಕಂಪನಿಯವರು ನಮ್ಮ ಶಾಲೆಗೆ ಬಂದು ಗೋಡೆಗಳ ಮೇಲೆ ಆನೆ, ಜಿರಾಫೆ ಬರೆಸಿದರು, ಮೂಲೆಯಲ್ಲಿ ತಮ್ಮ ಲಾಂಛನವನ್ನೂ ಬರೆಸಿದರು. ಓದಿಸುವವರಿಗೆ ಗೌರವಧನ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ‘ಅದರ ಫೋಟೋ ಹೇಗೆ ತೆಗೆಯುವುದು’ ಎಂದರು. ನಗೆಯಾಡಿದ್ದಲ್ಲ, ನಿಜವಾಗಿಯೂ ಕೇಳಿದರು.

ತಾಂಡಾದ ಟೀಚರ್

ನಾನು ಚನ್ನಗಿರಿ ತಾಲ್ಲೂಕಿನ ಒಂದು ತಾಂಡಾದವಳು, ಡಿ.ಇಡಿ ಮುಗಿಸಿ ಎರಡು ವರ್ಷ ಇದೇ ಬಗೆಯ ಕೆಲಸವನ್ನು ಒಂದು ಸಂಸ್ಥೆಗಾಗಿ ಮಾಡಿದ್ದೇನೆ. ನೀವು ಹೇಳುವ ಹುಡುಗಿಯ ಜಾಗದಲ್ಲಿ ನಿಂತು ಮೂರು ಮಾತು ಹೇಳುತ್ತೇನೆ.

ನಮ್ಮ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಮೊಳಕಾಲ್ಮೂರು, ಚಳ್ಳಕೆರೆಯ ಕಡೆ ತೆಲುಗು, ದಾವಣಗೆರೆಯ ಹಳೆಯ ಪೇಟೆಯಲ್ಲಿ ಉರ್ದು. ‘ಬಸಳೆ’ ಎಂದು ಅಕ್ಷರ ಕೂಡಿಸಿ ಸರಿಯಾಗಿ ಓದಿದ ಹುಡುಗಿಯೊಬ್ಬಳು, ಓದಿದ ಮೇಲೆಯೂ ನನ್ನನ್ನೇ ನೋಡುತ್ತಾ ಕೂತಳು. ಅವಳಿಗೆ ಅದು ಸೊಪ್ಪೆಂದು ಗೊತ್ತಿರಲಿಲ್ಲ. ಮಾರನೆಯ ದಿನ ಮನೆಯಿಂದ ಒಂದು ಬಳ್ಳಿ ತಂದು ಮುಂದಿಟ್ಟ ಮೇಲೆ, ‘ಇದಾ!’ ಎಂದು ನಕ್ಕು, ಪದವನ್ನು ತಾನೇ ಇನ್ನೊಮ್ಮೆ ಓದಿದಳು. ಮಗುವಿನ ಮಾತು ತಿಳಿದವರನ್ನು ಇಟ್ಟುಕೊಂಡರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ದೀಪಾವಳಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಕಾಫಿ ತೋಟದ ಕೆಲಸಕ್ಕೆ ಘಟ್ಟ ಹತ್ತುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಜೂನಿನಿಂದ ಅಕ್ಟೋಬರಿನವರೆಗೆ ಒತ್ತಿ ಕಲಿಸದಿದ್ದರೆ ಆ ಮಕ್ಕಳ ಪಾಲಿಗೆ ವರ್ಷ ಹೋದಂತೆಯೇ. ಹತ್ತು ತಿಂಗಳಿಗೆ ಸಮನಾಗಿ ಹಂಚುವ ಬದಲು ಮೊದಲ ಐದು ತಿಂಗಳು ಹೆಚ್ಚು ಗಂಟೆ ಇಡಿ.

ಮೂರನೆಯದು ಹಣದ ಮಾತು. 6,000 ರೂಪಾಯಿ ಕಡಿಮೆ. ಎರಡು ಗಂಟೆಯ ಕೆಲಸ ಎನ್ನುತ್ತೀರಿ, ಮಕ್ಕಳ ಪುಟ ತಿದ್ದಲು, ಮರುದಿನದ ಚೀಟಿ ಬರೆಯಲು ಇನ್ನೊಂದು ಗಂಟೆ ಬೇಕು. ಇನ್ನೂ ಮುಖ್ಯವಾದದ್ದು, ತಿಂಗಳು ತಿಂಗಳು ಸರಿಯಾಗಿ ಕೊಡಿ. ನನಗೆ ಒಮ್ಮೆ ಐದು ತಿಂಗಳ ಗೌರವಧನ ಒಟ್ಟಿಗೆ ಬಂತು. ನಾನು ಬಿಟ್ಟಿದ್ದು ಕೆಲಸ ಇಷ್ಟವಿಲ್ಲದೆ ಅಲ್ಲ.

ಕೋಟೆ ಬಾಗಿಲು

ಇದನ್ನೇ ನಾನು ಹೇಳುತ್ತಿರುವುದು. ಉದ್ಯೋಗ ಖಾತರಿಯಲ್ಲಿ 2025-26ರ ಕೂಲಿ ದಿನಕ್ಕೆ 370 ರೂಪಾಯಿ. ತಿಂಗಳಿಗೆ 24 ದಿನ ಹಿಡಿದರೆ ನೀವು ಓದಿದ ಹುಡುಗಿಗೆ ಕೊಡುತ್ತಿರುವುದು ದಿನಕ್ಕೆ 250. ಸೇವೆಯ ಹೆಸರಿನಲ್ಲಿ ಅಗ್ಗದ ದುಡಿಮೆ.

ಜಗಳೂರು ಸೀಮೆಯವನು

ಇಡೀ ದಿನದ ಕೂಲಿಯನ್ನು ಎರಡು ಗಂಟೆಯ ಕೆಲಸಕ್ಕೆ ಹೋಲಿಸುತ್ತಿದ್ದೀರಿ. ಆದರೆ ಟೀಚರ್ ಹೇಳಿದ ಮೂರನೇ ಗಂಟೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂಬುದು ನಿಜ.

ಪುಸ್ತಕದ ಹುಳು

ಊರಿನ ಹುಡುಗಿಯರನ್ನೇ ಇಟ್ಟುಕೊಂಡು ಹಿಂದುಳಿದ ಮಕ್ಕಳಿಗೆ ಕಲಿಸಿದರೆ ಫಲ ಸಿಗುತ್ತದೆಯೇ ಎಂಬುದಕ್ಕೆ ನಮ್ಮ ದೇಶದಲ್ಲೇ ಪರೀಕ್ಷೆ ನಡೆದಿದೆ. ಮುಂಬೈ ಮತ್ತು ವಡೋದರದಲ್ಲಿ 2001ರಿಂದ 2003ರವರೆಗೆ ‘ಬಾಲಸಖಿ’ ಎಂಬ ಹೆಸರಿನಲ್ಲಿ ಪ್ರಥಮ್ ಸಂಸ್ಥೆ ಇದನ್ನು ನಡೆಸಿತು. ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ ಸ್ಥಳೀಯ ಯುವತಿಯರು ಕಲಿಸಿದರು. ಅದನ್ನು ಅಳೆದವರಲ್ಲಿ ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಇದ್ದರು. ಮಕ್ಕಳ ಅಂಕ ಏರಿತು, ಅದರಲ್ಲೂ ತೀರ ಹಿಂದಿದ್ದ ಮಕ್ಕಳದು ಹೆಚ್ಚು ಏರಿತು, ಖರ್ಚೂ ಬಹಳ ಕಡಿಮೆ. ಆದರೆ ನೆರವು ನಿಂತು ಒಂದು ವರ್ಷವಾದ ಮೇಲೆ ನೋಡಿದಾಗ ಲಾಭದ ಬಹುಪಾಲು ಕರಗಿತ್ತು. ಈ ಎರಡನೆಯ ಮಾತನ್ನು ಸಂಸ್ಥೆಗಳ ಕೈಪಿಡಿಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಮಗು ತಾನಾಗಿ ಓದುವ ಹಂತ ಮುಟ್ಟುವ ಮೊದಲೇ ಕೈಬಿಟ್ಟರೆ ಹತ್ತಿಸಿದ ಮೆಟ್ಟಿಲಿನಿಂದ ಜಾರುತ್ತದೆ.

ಇದಕ್ಕೆ ವಿರುದ್ಧ ತುದಿಯಲ್ಲಿ ನ್ಯೂಜಿಲೆಂಡಿನ ಮೇರಿ ಕ್ಲೇ ಅವರು 1970ರ ದಶಕದಲ್ಲಿ ರೂಪಿಸಿದ ‘ರೀಡಿಂಗ್ ರಿಕವರಿ’ ಇದೆ. ಒಂದು ವರ್ಷ ಶಾಲೆ ಮುಗಿಸಿಯೂ ಹಿಂದುಳಿದ ಆರು ವರ್ಷದ ಮಗುವಿಗೆ, ವಿಶೇಷ ತರಬೇತಿ ಪಡೆದ ಒಬ್ಬ ಶಿಕ್ಷಕರು, ದಿನಕ್ಕೆ ಅರ್ಧ ಗಂಟೆ, 12ರಿಂದ 20 ವಾರ, ಒಬ್ಬರಿಗೊಬ್ಬರು. ಹಲವು ದೇಶಗಳಿಗೆ ಹರಡಿತು, ಖರ್ಚಿನ ಬಗ್ಗೆಯೂ ವಿಧಾನದ ಬಗ್ಗೆಯೂ ದಶಕಗಟ್ಟಲೆ ಜಗಳ ನಡೆಯಿತು. ಕೊನೆಗೆ ಅದು ಹುಟ್ಟಿದ ದೇಶವೇ 2025ರಿಂದ ಅಕ್ಷರ ಮತ್ತು ಧ್ವನಿಯನ್ನು ಕ್ರಮವಾಗಿ ಕಲಿಸುವ ಪದ್ಧತಿಯನ್ನು ಎಲ್ಲ ಸರ್ಕಾರಿ ಶಾಲೆಗಳ ತರಗತಿಗೂ ಕಡ್ಡಾಯ ಮಾಡಿತು. ಹಣವಿದ್ದ ಮಾತ್ರಕ್ಕೆ ಪ್ರಶ್ನೆ ಬಗೆಹರಿಯುವುದಿಲ್ಲ, ಆ ಅರ್ಧ ಗಂಟೆಯಲ್ಲಿ ಏನು ಮಾಡಿಸುತ್ತೀರಿ ಎಂಬುದು ಹಣಕ್ಕಿಂತ ಮುಂಚಿನ ಪ್ರಶ್ನೆ.

ಮಂಡಕ್ಕಿ ಮೆಣಸಿನಕಾಯಿ

ಜಗಳೂರಿನಿಂದ ನ್ಯೂಜಿಲೆಂಡಿಗೆ ಹೋಗಿ ಬಂದೆವು, ಇನ್ನು ಊರಿಗೆ ಇಳಿಯೋಣ.

ನಿವೃತ್ತ ಹೆಡ್ ಮಾಸ್ಟರ್, ಹೊಳಲ್ಕೆರೆ

ಇಳಿಯೋಣ. ನಾನು 33 ವರ್ಷ ಸೇವೆ ಮಾಡಿದವನು. ಸ್ಲೇಟು ಕಂಡೆ, ರೇಡಿಯೋ ಪಾಠ ಕಂಡೆ, ದೂಳು ಹಿಡಿದ ಕಂಪ್ಯೂಟರನ್ನೂ ಕಂಡೆ. ಕೊರೊನಾ ನಂತರದ ‘ಕಲಿಕಾ ಚೇತರಿಕೆ’ 2022-23ರಲ್ಲಿ ಬಂತು, ಹಾಳೆಗಳ ಹೊರೆ ಹೆಚ್ಚಾದರೂ ಮಗು ಎಲ್ಲಿದೆಯೋ ಅಲ್ಲಿಂದ ಶುರುಮಾಡಿ ಎಂಬ ಮಾತು ಅದರಲ್ಲಿ ಸರಿಯಾಗಿತ್ತು. ಓದು ಕಲಿಸುವ ‘ಓದು ಕರ್ನಾಟಕ’ ಕಾರ್ಯಕ್ರಮವೂ ಒಳ್ಳೆಯದೇ, ಆದರೆ ಅದು ನಾಲ್ಕು ಮತ್ತು ಐದನೇ ತರಗತಿಗೆ. ಅಷ್ಟು ಹೊತ್ತಿಗೆ ಓದು ಬಾರದ ಮಗು ತನ್ನನ್ನು ತಾನೇ ದಡ್ಡರ ಸಾಲಿಗೆ ಸೇರಿಸಿಕೊಂಡಿರುತ್ತದೆ. ನಿಪುಣ್ ಭಾರತ್ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಓದು ಬರಬೇಕೆಂದು 2026-27ರ ಗಡುವು ಹಾಕಿದೆ. ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ವರದಿಯಂತೆ ಗ್ರಾಮೀಣ ಭಾರತದಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇಕಡ 27.3 ಇದ್ದವರು, 2022ರಲ್ಲಿ 20.5ಕ್ಕೆ ಇಳಿದು, 2024ರಲ್ಲಿ 27.1ಕ್ಕೆ ಮರಳಿದ್ದಾರೆ. ಬಿದ್ದ ಜಾಗದಿಂದ ಎದ್ದು ಹಳೆಯ ಜಾಗಕ್ಕೆ ಬಂದೆವು, ಅಷ್ಟೆ.

ಜಗಳೂರಿನವರೇ, ಸಲಹೆ ಕೇಳಿದ್ದೀರಿ. ಹಣವನ್ನು ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆದು, ರಸೀದಿ ಕೊಟ್ಟು, ಬ್ಯಾಂಕಿನ ಮೂಲಕವೇ ಖರ್ಚು ಮಾಡಿ. ಹುಡುಗಿಯ ಕೈಯಲ್ಲಿ ನೇಮಕಾತಿ ಆದೇಶ ಎಂಬ ಕಾಗದ ಕೊಡಬೇಡಿ, ಹಳೆಯ ವಿದ್ಯಾರ್ಥಿಗಳ ಕಡೆಯಿಂದ ಕಲಿಕಾ ಸಹಾಯಕಿ ಎಂದು ಒಪ್ಪಂದ ಮಾಡಿಕೊಳ್ಳಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮತ್ತು ಬಿಇಒ ಅವರಿಗೆ ಲಿಖಿತವಾಗಿ ತಿಳಿಸಿ. ಶುರುವಿಗೆ ಮೊದಲು ಒಂದು ಹಾಳೆಯಲ್ಲಿ ಪ್ರತಿ ಮಗುವಿನ ಮಟ್ಟ ಬರೆದಿಡಿ: ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ. ಮೂರು ತಿಂಗಳಿಗೊಮ್ಮೆ ಹೊಸ ಹಾಳೆ. ದಾನಿಗಳಿಗೆ ಕಮಾನಿನ ಬದಲು ಆ ಹಾಳೆಯನ್ನೇ ಕಳುಹಿಸಿ.

ಕಮಾನು ಕೇಳುವವರನ್ನು ಹಂಗಿಸಬೇಡಿ. ಬಡತನದಲ್ಲಿ ಓದಿದವನಿಗೆ ತನ್ನ ಹೆಸರು ಶಾಲೆಯ ಕಲ್ಲಿನ ಮೇಲೆ ಇರಬೇಕೆಂಬ ಆಸೆ ತಪ್ಪಲ್ಲ. ಕೋಣೆಯೊಳಗೆ ಒಂದು ಸಣ್ಣ ಫಲಕ ಹಾಕಿಸಿ.

ಅರಿವು ಕೇಂದ್ರದವನು

ನಾನು ಹಿರಿಯೂರು ತಾಲ್ಲೂಕಿನ ಒಂದು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಪುಸ್ತಕಕ್ಕೆ 10,000 ಎಂದಿದ್ದೀರಿ, ಅದರಲ್ಲಿ ಅರ್ಧ ಉಳಿಸಬಹುದು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಆಸ್ತಿ ತೆರಿಗೆಯ ಮೇಲೆ ಶೇಕಡ 6 ಗ್ರಂಥಾಲಯ ಕರ ನೀವೇ ಕಟ್ಟುತ್ತಿದ್ದೀರಿ, ಪುಸ್ತಕ ಕೇಳುವುದು ನಿಮ್ಮ ಹಕ್ಕು. ಒಂದು ಸಾಲಿಗೆ ಒಂದು ಚಿತ್ರ ಇರುವ ತೆಳು ಪುಸ್ತಕಗಳನ್ನೇ ಆರಿಸಿಕೊಳ್ಳಿ. ನಮ್ಮಲ್ಲಿ ಮಕ್ಕಳು ದಪ್ಪ ಪುಸ್ತಕ ಮುಟ್ಟುವುದಿಲ್ಲ, ತೆಳು ಪುಸ್ತಕದ ಪಿನ್ನು ಕಿತ್ತುಬರುವವರೆಗೆ ಓದುತ್ತಾರೆ.

ಜಗಳೂರು ಸೀಮೆಯವನು

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಭಾನುವಾರ ಸಭೆ ನಡೆಯಿತು. ಲೆಕ್ಕದ ಮನುಷ್ಯರು ಬರೆದದ್ದನ್ನು ಓದಿ ಹೇಳಿದೆ, ಯಾರೂ ಅಲುಗಾಡಲಿಲ್ಲ. ಆಮೇಲೆ ಹೆಡ್ ಮಾಸ್ಟರ್ ಹೇಳಿದ ಹಾಳೆಯನ್ನು ತೆಗೆದೆ. ಮೇಡಂ ಜೊತೆ ಕೂತು ಪ್ರತಿ ಮಗುವನ್ನೂ ಓದಿಸಿ ತಯಾರಿಸಿದ್ದೆವು. 17 ಅಂದುಕೊಂಡಿದ್ದು 19 ಆಗಿತ್ತು. ಅವರಲ್ಲಿ ಒಬ್ಬಳು ಕಮಾನಿನ ಗುಂಪಿನ ಮುಂದಾಳುವಿನ ಅಣ್ಣನ ಮಗಳು. ಸಭೆಯಲ್ಲಿ ಹೆಸರು ಓದಲಿಲ್ಲ, ಹಾಳೆಯನ್ನು ಅವರ ಕೈಗೆ ಕೊಟ್ಟೆ, ಅವರೇ ನೋಡಿಕೊಂಡರು.

ಸ್ಮಾರ್ಟ್ ಬೋರ್ಡ್ ಬಿಟ್ಟೆವು. ಒಬ್ಬರು ಸಿಟ್ಟಿನಿಂದ ತಮ್ಮ 25,000 ಹಿಂದಕ್ಕೆ ಕೇಳಿದರು, ಕೊಟ್ಟೆವು. ಉಳಿದದ್ದು 2,15,000. ತಾಂಡಾದ ಟೀಚರ್ ಮಾತಿನಂತೆ ಜೂನಿನಿಂದ ಅಕ್ಟೋಬರಿನವರೆಗೆ ದಿನಕ್ಕೆ ಮೂರು ಗಂಟೆ, ತಿಂಗಳಿಗೆ 9,000. ನವೆಂಬರಿನಿಂದ ಮಾರ್ಚಿಯವರೆಗೆ ಎರಡು ಗಂಟೆ, 6,500. ಪುಸ್ತಕಕ್ಕೆ 5,000 ಸಾಕೆಂದು ಅರಿವು ಕೇಂದ್ರದವರಿಂದ ತಿಳಿಯಿತು. ವರ್ಷಕ್ಕೆ 82,500. ಮೂರು ವರ್ಷ ಬರುವುದಿಲ್ಲ, ಎರಡೂವರೆ ವರ್ಷ ಬರುತ್ತದೆ.

ಕೋಟೆ ಬಾಗಿಲು

ಎರಡೂವರೆ ವರ್ಷದ ನಂತರ?

ಜಗಳೂರು ಸೀಮೆಯವನು

ಅಷ್ಟರೊಳಗೆ ಬಿಇಒ ಕಚೇರಿಗೆ ಕಾಯಂ ಶಿಕ್ಷಕರನ್ನು ಕೇಳಲು ಹೋಗುವಾಗ ಈ ಹಾಳೆಗಳನ್ನೂ ಜೊತೆಗೆ ಒಯ್ಯುತ್ತೇನೆ. ನೀವೂ ಬರುವಿರಾದರೆ ಒಳ್ಳೆಯದು, ಕಚೇರಿಯ ಮುಂದೆ ಕೂರೋಣ ಎಂದು ನೀವೇ ಹೇಳಿದ್ದೀರಿ.

ಕೋಟೆ ಬಾಗಿಲು

ದಿನಾಂಕ ತಿಳಿಸಿ. ಬರುತ್ತೇನೆ.

ತಾಂಡಾದ ಟೀಚರ್

ಆ ಹುಡುಗಿಯ ಸಮಯವನ್ನು ಮಧ್ಯಾಹ್ನದ ಊಟದ ಮೊದಲು ಇಡಿ. ಊಟವಾದ ಮೇಲೆ ಸಣ್ಣ ಮಕ್ಕಳು ತೂಕಡಿಸುತ್ತಾರೆ. ಮೊದಲ ವಾರ ಪುಸ್ತಕ ತೆರೆಸಬೇಡಿ, ಅವರವರ ಹೆಸರು, ಅಮ್ಮನ ಹೆಸರು, ಮನೆಯ ಎಮ್ಮೆಯ ಹೆಸರು ಬರೆದ ಚೀಟಿಗಳನ್ನು ಕೊಡಿಸಿ.

ಜಗಳೂರು ಸೀಮೆಯವನು

ನಮ್ಮ ಹುಡುಗನ ಮನೆಯಲ್ಲಿ ಎಮ್ಮೆಯಿಲ್ಲ ಮೇಡಂ, ಎರಡು ಮೇಕೆ ಇವೆ. ಒಂದರ ಹೆಸರು ‘ಕೆಂಪಿ’. ಇನ್ನೊಂದಕ್ಕೆ ಒತ್ತಕ್ಷರವಿರುವ ಹೆಸರಿಡಲು ಹೇಳಿದ್ದೇನೆ.